‘ತುಂಬಾಡ್’: ಭಯದ ಬೇರು

ಭಯಾನಕ ಚಿತ್ರವೆಂದೊಡನೆ ನಮ್ಮಲ್ಲಿ ಹಲವರು ಮೂಗು ಮುರಿಯುತ್ತಾರೆ. ಕಿರುಗುಟ್ಟುವ ಬಾಗಿಲು, ಬಿಳಿಯ ಸೀರೆ, ಥಟ್ಟನೆ ಕಿವಿಗಪ್ಪಳಿಸುವ ಸದ್ದು, ಇವುಗಳಿಂದ ಪ್ರೇಕ್ಷಕನು ಬೆಚ್ಚುವುದುಂಟು. ಆದರೆ ಬೆಚ್ಚುವುದು ಬೇರೆ, ಭಯಪಡುವುದು ಬೇರೆ. ಭಯಕ್ಕೆ ಮನಸ್ಸಿನಲ್ಲೊಂದು ಬೇರಿರಬೇಕು. ರಾಹಿ ಅನಿಲ್ ಬರ್ವೆಯವರ ‘ತುಂಬಾಡ್’ (2018) ಎಂಬ ಹಿಂದೀ ಚಿತ್ರ ಆ ಬೇರನ್ನು ಲೋಭದಲ್ಲಿ ಕಂಡಿದೆ. 2024ರಲ್ಲಿ ಮರಳಿ ತೆರೆಗೆ ಬಂದಾಗ ಅದು ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ಜನ ಅದನ್ನು ಮರೆತಿರಲಿಲ್ಲ.

ಕಥೆ ಮಹಾರಾಷ್ಟ್ರದ್ದು, 1918, 1933, 1947 ಎಂದು ಮೂರು ಭಾಗ. ಸಮೃದ್ಧಿದೇವಿಯ ಚೊಚ್ಚಲ ಮಗ ಹಸ್ತರ್. ತಾಯಿಯ ಚಿನ್ನವನ್ನೆಲ್ಲ ದೋಚಿದ ಅವನಿಗೆ ಅನ್ನ ಮಾತ್ರ ದಕ್ಕಲಿಲ್ಲ. ದೇವಿಯ ಗರ್ಭದಲ್ಲಿ ಹಸಿದು ಕುಳಿತಿರುವ ಅವನ ಬಳಿಗೆ ವಿನಾಯಕನೆಂಬಾತ ಹಗ್ಗ ಹಿಡಿದು ಇಳಿಯುತ್ತಾನೆ. ಹಿಟ್ಟಿನ ಬೊಂಬೆಯನ್ನು ಮುಂದಿಟ್ಟು, ಅವನು ತಿನ್ನುವಷ್ಟರಲ್ಲಿ ಲಂಗೋಟಿಯಿಂದ ಉದುರುವ ನಾಣ್ಯಗಳನ್ನು ಬಾಚಿಕೊಂಡು ಮೇಲೇರುತ್ತಾನೆ.

ಚಿತ್ರದ ನಿಜವಾದ ಸತ್ತ್ವ ಇಲ್ಲಿದೆ. ವಿನಾಯಕನಿಗೆ ಇದು ಸಾಹಸವಲ್ಲ, ಕಸುಬು. ಹಿಟ್ಟು ನಾದುವುದು, ಇಳಿಯುವುದು, ಏದುಸಿರು ಬಿಡುತ್ತ ಏರುವುದು, ನಾಣ್ಯ ಮಾರುವುದು, ಮತ್ತೆ ಹೊರಡುವುದು. ಕೊನೆಗೆ ಕಾಲು ಊನವಾದ ತನ್ನ ಎಳೆಯ ಮಗನಿಗೂ ಅದನ್ನೇ ಕಲಿಸುತ್ತಾನೆ. ತಂದೆ ಮಗನನ್ನು ಅಂಗಡಿಯಲ್ಲಿ ಕೂರಿಸಿ ವ್ಯಾಪಾರ ಹೇಳಿಕೊಡುವಷ್ಟು ಸಹಜವಾಗಿ ಈ ಪಾಠ ನಡೆಯುತ್ತದೆ. ನನಗೆ ಹಸ್ತರ್‌ನಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಈ ಸಹಜತೆಯೇ. ಹಸ್ತರ್‌ನದಾದರೋ ಹಸಿವು, ಹೊಟ್ಟೆ ತುಂಬಿದವನ ಲೋಭಕ್ಕೆ ಯಾವ ನೆಪವಿದೆ? ಪಂಕಜ್ ಕುಮಾರ್ ಅವರ ಛಾಯಾಗ್ರಹಣವೂ ಇದಕ್ಕೆ ಒದಗಿಬಂದಿದೆ. ಬಿಡದೆ ಸುರಿಯುವ ಮಳೆ, ಪಾಚಿಗಟ್ಟಿದ ವಾಡೆ, ಲಾಂದ್ರದ ಮಂದ ಬೆಳಕು ಇವೆಲ್ಲ ಅಲಂಕಾರವಾಗದೆ ಕಥೆಯ ಉಸಿರೇ ಆಗಿವೆ.

ದೋಷಗಳೂ ಇಲ್ಲದಿಲ್ಲ. ಹಸ್ತರ್‌ನ ಪುರಾಣವನ್ನು ಆರಂಭದಲ್ಲಿಯೇ ಹಿನ್ನೆಲೆಯ ಧ್ವನಿ ಹೇಳಿ ಮುಗಿಸುತ್ತದೆ. ಪ್ರೇಕ್ಷಕನು ಕತ್ತಲಲ್ಲಿ ತಡಕಾಡಿ ಕಂಡುಕೊಳ್ಳಬೇಕಾದದ್ದು ಮೊದಲೇ ಕೈಗೆ ಬಂದುಬಿಡುತ್ತದೆ. ವಿನಾಯಕನ ಹೆಂಡತಿ ಮನೆಯಲ್ಲಿದ್ದಾಳೆ, ಚಿತ್ರದಲ್ಲಿ ಇಲ್ಲ. ಈ ಸಂಪತ್ತಿನ ಬೆಲೆಯನ್ನು ಆಕೆಯ ಕಣ್ಣಿನಿಂದ ಒಮ್ಮೆಯಾದರೂ ನೋಡಬಹುದಾಗಿತ್ತು. ಎಲ್ಲಕ್ಕಿಂತ ದೊಡ್ಡ ಕೊರತೆ ಕೊನೆಯ ಇಳಿತದಲ್ಲಿದೆ. ಬೊಂಬೆಗಳು ಹೆಚ್ಚಿದಂತೆ ಹಸ್ತರ್‌ಗಳೂ ಹೆಚ್ಚುತ್ತಾರೆ. ದುರಾಸೆ ಬೆಳೆದಷ್ಟೂ ವಿಪತ್ತು ಬೆಳೆಯುತ್ತದೆಂಬ ಕಲ್ಪನೆ ಸೊಗಸಾದದ್ದೇ. ಆದರೆ ತೆರೆಯ ಮೇಲೆ ಅದು ಕಂಪ್ಯೂಟರಿನ ಕೈಚಳಕವಾಗಿ ಉಳಿಯುತ್ತದೆ. ಒಬ್ಬನೇ ಇದ್ದಾಗ ಮೈ ನಡುಗಿಸಿದವನು ಗುಂಪಾದಾಗ ಬರಿಯ ಗದ್ದಲವಾಗುತ್ತಾನೆ. ಭಯಾನಕ ಹಿಂದೆ ಸರಿದು ಬೀಭತ್ಸ ಮುಂದೆ ಬರುತ್ತದೆ.

ಆದರೂ ಮುಕ್ತಾಯ ಚಿತ್ರವನ್ನು ಎತ್ತಿಹಿಡಿಯುತ್ತದೆ. ಶಾಪಗ್ರಸ್ತನಾದ ತಂದೆ ನಾಣ್ಯ ತುಂಬಿದ ಲಂಗೋಟಿಯನ್ನು ಮಗನತ್ತ ಚಾಚುತ್ತಾನೆ. ಮಗ ಅದನ್ನು ಮುಟ್ಟುವುದಿಲ್ಲ. ತಂದೆಗೆ ಬೆಂಕಿಯಿಟ್ಟು ಬಿಡುಗಡೆ ಕೊಡುತ್ತಾನೆ. ಭಯ ಅಲ್ಲಿ ಕರುಣೆಗೆ ತಿರುಗುತ್ತದೆ. ಆಸ್ತಿಯೊಡನೆ ಆಸೆಯನ್ನೂ ಮಕ್ಕಳ ಕೈಗಿಡುವ ನಮ್ಮಂಥ ಗೃಹಸ್ಥರು ನೋಡಲೇಬೇಕಾದ ದೃಶ್ಯವದು.