ಪ್ರೇಯಸ್ಸಿನ ಪ್ರಶ್ನೆ, ಶ್ರೇಯಸ್ಸಿನ ಉತ್ತರ

ನಾನಾ ದೇಶಗಳ ಕಾಲೇಜು ವಿದ್ಯಾರ್ಥಿಗಳ ಮನೋಧರ್ಮವನ್ನು ತುಲನೆ ಮಾಡಿದ ಗ್ರಂಥಗಳಲ್ಲಿ, ಅಮೆರಿಕಾದ ತತ್ತ್ವಜ್ಞರಾದ ಚಾರ್ಲ್ಸ್ ಮಾರಿಸರು 1956ರಲ್ಲಿ ಪ್ರಕಟಿಸಿದ ‘ವೆರೈಟೀಸ್ ಆಫ್ ಹ್ಯೂಮನ್ ವ್ಯಾಲ್ಯೂ’ ಎಂಬುದು ಗಣ್ಯವಾದುದು. 13 ಜೀವನಮಾರ್ಗಗಳನ್ನು ವರ್ಣಿಸಿ, ಒಂದೊಂದಕ್ಕೂ 1ರಿಂದ 7ರ ವರೆಗೆ ಅಂಕವನ್ನು ಕೊಡಿಸುವುದು ಅವರ ಕ್ರಮ. ಅಮೆರಿಕಾ, ಭಾರತ, ಚೀನಾ, ಜಪಾನ್, ನಾರ್ವೆ ದೇಶಗಳ ವಿದ್ಯಾರ್ಥಿಗಳು ಇದಕ್ಕೆ ಉತ್ತರವಿತ್ತರು. ಭಾರತೀಯರಲ್ಲಿ ಸಮಾಜಮರ್ಯಾದೆ, ಆತ್ಮಸಂಯಮಗಳಿಗೆ ಆದರವು ಹೆಚ್ಚೆಂದೂ, ಅಮೆರಿಕನರಲ್ಲಿ ಭೋಗಾಭಿರುಚಿ ಹೆಚ್ಚೆಂದೂ ಫಲಿತವಾಯಿತು.

ಗ್ರಂಥಕರ್ತರ ಗುಣವನ್ನು ಮೊದಲು ಹೇಳುವುದು ನ್ಯಾಯ. ‘ಧರ್ಮ’, ‘ಸ್ವಾತಂತ್ರ್ಯ’ ಎಂಬಂಥ ಬಿಡಿಮಾತುಗಳನ್ನು ಮುಂದಿಟ್ಟು ಕೇಳದೆ, ಬದುಕಿನ ಪೂರ್ಣಚಿತ್ರವನ್ನೇ ಮುಂದಿಟ್ಟರು. ಎರಡು ಮಾರ್ಗಗಳಿಗೆ ಸಮಾನವಾದ ಅಂಕವನ್ನು ಕೊಡಲೂ ಅವಕಾಶವಿತ್ತರು. ಇದು ಸಾಮಾನ್ಯವಾದ ವಿವೇಕವಲ್ಲ.

ಆದರೆ ಇಲ್ಲೊಂದು ಸಂಶಯವುಂಟು. ನೀವು ಈಗ ಬಾಳುತ್ತಿರುವುದನ್ನಾಗಲಿ, ಪರರಿಗೆ ಹಿತವೆಂದು ತೋರುವುದನ್ನಾಗಲಿ ಹೇಳಬೇಡಿ. ನಿಮಗೆ ಸ್ವತಃ ಇಷ್ಟವಾದುದನ್ನು ಮಾತ್ರ ಹೇಳಿ ಎಂಬುದು ಪ್ರಶ್ನಪತ್ರದ ನಿಯಮ. ನಮ್ಮ ಶಾಸ್ತ್ರಭಾಷೆಯಲ್ಲಿ ಹೇಳುವುದಾದರೆ, ಕೇಳಿದ್ದು ಪ್ರೇಯಸ್ಸನ್ನೇ ಹೊರತು ಶ್ರೇಯಸ್ಸನ್ನಲ್ಲ. ಈ ಎರಡರ ಭೇದವು ಕಠೋಪನಿಷತ್ತಿನಷ್ಟು ಪ್ರಾಚೀನವಾದುದು. ಇಷ್ಟವಾದುದನ್ನು ಹೇಳೆಂದರೆ, ಇಷ್ಟಪಡಬೇಕಾದುದನ್ನು ಹೇಳುವ ಸಂಸ್ಕಾರದಲ್ಲಿ ಬೆಳೆದ ಹುಡುಗನು ಸಂಯಮಕ್ಕೆ ಹೆಚ್ಚಿನ ಅಂಕವನ್ನು ಕೊಟ್ಟರೆ, ಅದು ಅವನ ರುಚಿಯೋ, ಗುರುಹಿರಿಯರ ಉಪದೇಶದ ಅನುವಾದವೋ? ಅಂಕವು ಇದನ್ನು ವಿಂಗಡಿಸಲಾರದು.

ಎರಡನೆಯದು ಕಾಲದ ವಿಚಾರ. ಎಲ್ಲ ಮಾರ್ಗಗಳಿಂದಲೂ ಆಯಾ ಸಮಯಕ್ಕೆ ತಕ್ಕುದನ್ನು ಸ್ವೀಕರಿಸಬೇಕೆನ್ನುವ ಏಳನೆಯ ಮಾರ್ಗವು ಅಮೆರಿಕಾದ ವಿದ್ಯಾರ್ಥಿಗಳಿಗೆ ಬಹು ಪ್ರಿಯವಾಯಿತು. ಇದು ನಮ್ಮ ಆಶ್ರಮವ್ಯವಸ್ಥೆಯೇ ಎಂದು ಹಿಗ್ಗುವವರು ಇರಬಹುದು, ಅದು ಸರಿಯಲ್ಲ. ಅಲ್ಲಿ ಆಯ್ಕೆಯು ವ್ಯಕ್ತಿಯ ಇಚ್ಛೆಗೆ ಅಧೀನ. ಇಲ್ಲಿ ಕ್ರಮವು ಶಾಸ್ತ್ರವಿಹಿತ. ಆದರೂ ಬ್ರಹ್ಮಚರ್ಯದ ವಯಸ್ಸಿನವನನ್ನು ಕೇಳಿ ಸಂಯಮವೆಂಬ ಉತ್ತರವನ್ನು ಪಡೆದು, ಅದನ್ನೇ ಗೃಹಸ್ಥನಿಗೂ ಅನ್ವಯಿಸುವುದು ಅತಿವ್ಯಾಪ್ತಿ.

ಈ ದೋಷವು ಮಾರಿಸರೊಬ್ಬರದಲ್ಲ. ಮನಶ್ಶಾಸ್ತ್ರವು ಪಾಶ್ಚಾತ್ಯ ಸಮಾಜಗಳ ಜನರನ್ನು, ಬಹುಮಟ್ಟಿಗೆ ವಿದ್ಯಾರ್ಥಿಗಳನ್ನು, ಪರೀಕ್ಷಿಸಿ ಮನುಷ್ಯಮಾತ್ರಕ್ಕೆ ಸಿದ್ಧಾಂತವನ್ನು ಕಟ್ಟುತ್ತಿದೆಯೆಂದು ಹೆನ್ರಿಕ್, ಹೈನ್, ನೊರೆಂಜಾಯನ್ ಎಂಬ ವಿದ್ವಾಂಸರು 2010ರಲ್ಲಿ ಎತ್ತಿ ತೋರಿದರು. ಕಾಲೇಜಿನ ಮೆಟ್ಟಿಲನ್ನೇ ಹತ್ತದ ರೈತನೂ ನೇಕಾರನೂ ಇಂಥ ಲೆಕ್ಕದಲ್ಲಿ ಸೇರಲಿಲ್ಲ.

ಆದುದರಿಂದ ಈ ಗ್ರಂಥವನ್ನು ತ್ಯಜಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಇದನ್ನು ದೇಶಗಳ ಸ್ವಭಾವನಿರ್ಣಯವೆನ್ನದೆ, ಒಂದು ಕಾಲದ ಯುವಕರು ತಮ್ಮನ್ನು ಹೇಗೆ ತೋರಿಸಿಕೊಳ್ಳಬಯಸಿದರೆಂಬುದಕ್ಕೆ ಸಾಕ್ಷ್ಯವೆಂದು ಓದಿದರೆ ಪ್ರಯೋಜನವುಂಟು. ಸಂಯಮದಲ್ಲಿ ನಾವು ಮೊದಲಿಗರೆಂದು ಬೀಗಲು ಮಾತ್ರ ಇದು ಪ್ರಮಾಣವಾಗಲಾರದು.