ಕವಚದ ತೂಕ, ಆಟದ ತಕ್ಕಡಿ

1191ರ ಬೇಸಿಗೆಯ ಕೊನೆ. ಇಂಗ್ಲೆಂಡಿನ ದೊರೆ ರಿಚರ್ಡ್‌ನ ಸೇನೆ ಅಕ್ಕಾದಿಂದ ಹೊರಟು ಫೆಲೆಸ್ತೀನಿನ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಸಾಗುತ್ತಿತ್ತು. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯ ಕುದುರೆ ಸವಾರರು ಬದಿಯಿಂದ ಬಂದು ಬಾಣ ಸುರಿಸಿ ಮರೆಯಾಗುತ್ತಿದ್ದರು. ಸುಲ್ತಾನರ ಜೊತೆಗಿದ್ದ ಇತಿಹಾಸಕಾರ ಬಹಾವುದ್ದೀನ್ ಇಬ್ನ್ ಶದ್ದಾದ್ ಅಲ್ಲಿ ಕಂಡ ಒಂದು ದೃಶ್ಯವನ್ನು ದಾಖಲಿಸಿದ್ದಾರೆ. ಫ್ರಾಂಕ್ ಕಾಲಾಳುಗಳು ದಪ್ಪ ಉಣ್ಣೆಯ ನಮದೆ ಮತ್ತು ಉಕ್ಕಿನ ಕೊಂಡಿಗಳಿಂದ ಹೆಣೆದ ಕವಚ ತೊಟ್ಟಿದ್ದರು. ಅವರಲ್ಲಿ ಕೆಲವರ ಬೆನ್ನಿಗೆ ಹತ್ತರಷ್ಟು ಬಾಣಗಳು ನಾಟಿಕೊಂಡಿದ್ದವು. ಆದರೂ ಸಾಲು ಬಿಡದೆ ನಡೆಯುತ್ತಲೇ ಇದ್ದರು. ಶತ್ರುವಿನ ಸಹನೆಯನ್ನು ಮೆಚ್ಚಿ ಬರೆಯಲು ಇಬ್ನ್ ಶದ್ದಾದ್ ಹಿಂಜರಿಯಲಿಲ್ಲ.

ಈ ದೃಶ್ಯವನ್ನು ಒಂದು ಆಟದ ನಿಯಮವಾಗಿ ಬರೆಯುವುದಾದರೆ ಹೇಗೆ ಬರೆಯಬೇಕು? ಹತ್ತು ಬಾಣಗಳೂ ಗುರಿ ತಪ್ಪಿದವು ಎನ್ನಬೇಕೋ, ಹತ್ತೂ ತಗಲಿದವು ಆದರೆ ಗಾಯವಾಗಲಿಲ್ಲ ಎನ್ನಬೇಕೋ? ಪ್ರಶ್ನೆ ಸಣ್ಣದೆಂದು ಕಾಣಬಹುದು. ಆದರೆ ಅರ್ಧ ಶತಮಾನದಿಂದ ಜಗತ್ತಿನ ನಾನಾ ಕಡೆ ಯುವಕರನ್ನು ಮೇಜಿನ ಸುತ್ತ ಕೂರಿಸಿರುವ ಒಂದು ಆಟದ ಮುಖ್ಯ ತೊಡಕು ಇಲ್ಲಿಯೇ ಇದೆ.

ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು 1974ರಲ್ಲಿ ಹೊರತಂದರು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆಯ ಸೂತ್ರಧಾರ. ಅವರನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ಒಬ್ಬೊಬ್ಬರೂ ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರವಾಗಿ ಕಾಲ್ಪನಿಕ ಲೋಕದಲ್ಲಿ ಪಯಣಿಸುತ್ತಾರೆ. ಏನು ಮಾಡಬೇಕೆಂದು ಆಟಗಾರ ಹೇಳುತ್ತಾನೆ, ಅದು ಫಲಿಸಿತೇ ಎಂಬುದನ್ನು ದಾಳ ಹೇಳುತ್ತದೆ. ದಾಳ ಎಂದೊಡನೆ ನಮ್ಮಲ್ಲಿ ಹಲವರು ಹುಬ್ಬೇರಿಸುವುದು ಸಹಜ. ಇಲ್ಲಿ ಪಣವಿಲ್ಲ, ಹಣದ ಸೋಲು ಗೆಲುವಿಲ್ಲ. ದಾಳದಾಟದ ಬಗ್ಗೆ ಹದೀಸ್‌ಗಳಲ್ಲಿ ಬಂದಿರುವ ಎಚ್ಚರಿಕೆಯ ವ್ಯಾಪ್ತಿ ಎಷ್ಟೆಂಬುದು ವಿದ್ವಾಂಸರು ಹೇಳಬೇಕಾದ ಮಾತು. ಈ ಲೇಖನದ ಕಾಳಜಿ ಆಟದ ನಿಯಮಗ್ರಂಥದ ಬಗ್ಗೆ ಮಾತ್ರ. ಆ ಗ್ರಂಥವೂ ಒಂದು ಲೋಕದೃಷ್ಟಿಯನ್ನು ಕಟ್ಟಿಕೊಡುತ್ತದೆ. ಹಾಗಾಗಿ ಕಾದಂಬರಿ, ಸಿನಿಮಾಗಳಂತೆ ಅದನ್ನೂ ವಿಮರ್ಶೆಗೆ ಒಳಪಡಿಸಬಹುದು.

ಒಂದೇ ಸಂಖ್ಯೆಯಲ್ಲಿ ಎರಡು ಮಾತು

ಈ ಆಟದಲ್ಲಿ ಪ್ರತಿ ಪಾತ್ರಕ್ಕೂ ‘ಆರ್ಮರ್ ಕ್ಲಾಸ್’ ಎಂಬ ಒಂದು ಸಂಖ್ಯೆಯಿದೆ. ರಕ್ಷಣೆಯ ಸಂಖ್ಯೆ ಎನ್ನೋಣ. ಹೊಡೆಯುವವನು ಇಪ್ಪತ್ತು ಮುಖದ ದಾಳ ಉರುಳಿಸಿ ತನ್ನ ಸಾಮರ್ಥ್ಯದ ಅಂಕವನ್ನು ಅದಕ್ಕೆ ಕೂಡಿಸುತ್ತಾನೆ. ಮೊತ್ತ ಎದುರಾಳಿಯ ರಕ್ಷಣೆಯ ಸಂಖ್ಯೆಯನ್ನು ಮುಟ್ಟಿದರೆ ಏಟು ಬಿತ್ತು, ಇಲ್ಲವಾದರೆ ಇಲ್ಲ. ಈ ಸಂಖ್ಯೆಯೊಳಗೆ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ. ಚುರುಕಾಗಿ ಸರಿದು ಏಟು ತಪ್ಪಿಸಿಕೊಳ್ಳುವುದು ಒಂದು. ಏಟು ತಗಲಿದರೂ ಕವಚ ಅದನ್ನು ತಡೆಯುವುದು ಇನ್ನೊಂದು. ಹಗುರ ಕವಚದವನ ಬಾಳು ಮೊದಲನೆಯದರ ಮೇಲೆ ನಿಂತಿದೆ, ಭಾರಿ ಕವಚದವನ ಬಾಳು ಎರಡನೆಯದರ ಮೇಲೆ. ಇಬ್ಬರನ್ನೂ ಒಂದೇ ಅಳತೆಗೋಲಿನಿಂದ ಅಳೆದರೆ ಅವರ ನಡುವಿನ ವ್ಯತ್ಯಾಸವೇ ಕಾಣದಾಗುತ್ತದೆ. ಇಬ್ನ್ ಶದ್ದಾದ್ ಕಂಡ ಕಾಲಾಳುವಿನ ಹತ್ತು ಬಾಣಗಳು ಈ ಆಟದ ಲೆಕ್ಕದಲ್ಲಿ ಬರೀ ಹತ್ತು ವಿಫಲ ಏಟುಗಳು.

ಇದನ್ನು ಮೊದಲೇ ಗಮನಿಸಿದವರಿದ್ದರು. 1978ರಲ್ಲಿ ಪ್ರಕಟವಾದ ರೂನ್‌ಕ್ವೆಸ್ಟ್ ಎಂಬ ಆಟ ಎರಡನ್ನೂ ಬೇರ್ಪಡಿಸಿತು. ಅಲ್ಲಿ ಏಟನ್ನು ತಡೆಯುವುದಕ್ಕೆ ಪ್ರತ್ಯೇಕ ದಾಳ. ತಡೆಯಲಾಗದೆ ತಗಲಿದ ಏಟಿನ ಹಾನಿಯಿಂದ ಕವಚ ಒಂದಿಷ್ಟನ್ನು ಕಳೆಯುತ್ತದೆ. ಸತ್ಯಕ್ಕೆ ಇದೇ ಹತ್ತಿರ. ಆದರೆ ಇದಕ್ಕೂ ಬೆಲೆಯಿದೆ. ಪ್ರತಿ ಏಟಿಗೂ ಎರಡು ಮೂರು ಲೆಕ್ಕ ಮಾಡಬೇಕು, ಕಾಳಗ ನಿಧಾನವಾಗುತ್ತದೆ. ಒಂದೇ ದಾಳದಲ್ಲಿ ಮುಗಿಯುವ ಮೊದಲ ಪದ್ಧತಿ ಇಂದಿಗೂ ಉಳಿದಿರುವುದಕ್ಕೆ ಆ ಸರಳತೆ ಒಂದು ಮುಖ್ಯ ಕಾರಣವೆಂದು ತೋರುತ್ತದೆ. ಹಾಗಾದರೆ ಆ ಸರಳ ಪದ್ಧತಿಯೊಳಗೇ ಹಗುರ ಮತ್ತು ಭಾರಿ ಕವಚಗಳ ನಡುವೆ ನ್ಯಾಯ ಒದಗಿಸಲು ಸಾಧ್ಯವೇ?

ಮೂರು ಪ್ರಯತ್ನಗಳು

ಮೊದಲ ಉತ್ತರ ಹಳೆಯದು. ಟಾಮ್ ಮೋಲ್ಡ್‌ವೇ ಸಂಪಾದಿಸಿದ 1981ರ ಆವೃತ್ತಿಯನ್ನು ನೋಡಿ. ಅಲ್ಲಿ ಉಕ್ಕಿನ ಹಾಳೆಗಳ ಕವಚಕ್ಕೆ ಕೇವಲ 60 ಚಿನ್ನದ ನಾಣ್ಯ. ಹೊಸ ಆಟಗಾರನೂ ಕೊಳ್ಳಬಹುದು. ಆದರೆ ಭೂಗತ ಗುಹೆಯಲ್ಲಿ ಹತ್ತು ನಿಮಿಷದ ಒಂದು ಸರದಿಗೆ ಕವಚವಿಲ್ಲದವನು 120 ಅಡಿ ನಡೆದರೆ ತೊಗಲಿನ ಕವಚದವನು 90 ಅಡಿ, ಲೋಹದ ಕವಚದವನು 60 ಅಡಿ ನಡೆಯುತ್ತಾನೆ. ಒಂದು ಪಂಜು ಆರು ಸರದಿ ಉರಿಯುತ್ತದೆ. ಎರಡು ಸರದಿಗೊಮ್ಮೆ ದಾಳ ಉರುಳಿಸಿ ಅಲೆಮಾರಿ ರಾಕ್ಷಸ ಬಂತೇ ಎಂದು ನೋಡಬೇಕು. ಲೆಕ್ಕ ಹಾಕಿ: 720 ಅಡಿ ಸಾಗಲು ಕವಚವಿಲ್ಲದವನಿಗೆ ಒಂದು ಪಂಜು, ಮೂರು ಅಪಾಯ. ಲೋಹದ ಕವಚದವನಿಗೆ ಎರಡು ಪಂಜು, ಆರು ಅಪಾಯ. ಜೊತೆಗಾರರೂ ಅವನ ನಡಿಗೆಗೇ ಹೊಂದಿಕೊಳ್ಳಬೇಕು. ಹೀಗೆ ಒಬ್ಬನ ಕವಚದ ಬೆಲೆಯನ್ನು ಇಡೀ ತಂಡ ತೆರುತ್ತಿತ್ತು.

ಎರಡನೆಯ ಉತ್ತರ 2000ದಲ್ಲಿ ಬಂದ ಮೂರನೇ ಆವೃತ್ತಿಯದು. ಪ್ರತಿ ಕವಚವೂ ತೊಟ್ಟವನ ಚುರುಕುತನಕ್ಕೆ ಒಂದು ಮಿತಿ ಹಾಕುತ್ತದೆ. ತೊಗಲಿನ ಕವಚ ಕೊಡುವ ರಕ್ಷಣೆ 2, ಅದರೊಳಗೆ ಬಳಸಬಹುದಾದ ಚುರುಕುತನದ ಅಂಕ ಹೆಚ್ಚೆಂದರೆ 6. ಕೊಂಡಿಗಳ ಅಂಗಿಗೆ 4 ಮತ್ತು 4. ಎದೆಗವಚಕ್ಕೆ 5 ಮತ್ತು 3. ಮೈತುಂಬ ಹಾಳೆಗಳ ಕವಚಕ್ಕೆ 8 ಮತ್ತು 1. ಕೂಡಿಸಿದರೆ ಮೊದಲ ಮೂರಕ್ಕೂ 8, ಕೊನೆಯದಕ್ಕೆ 9. ತಕ್ಕಡಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಇದರ ಜೊತೆ ಇನ್ನೆರಡು ಸೂಕ್ಷ್ಮಗಳಿದ್ದವು. ಹೊಂಚು ಹಾಕಿ ಹಠಾತ್ತನೆ ಎರಗಿದರೆ ಚುರುಕುತನದ ಅಂಕ ಲೆಕ್ಕಕ್ಕಿಲ್ಲ. ಆಗ ತೊಗಲಿನವನ 8 ಒಮ್ಮೆಲೇ 2ಕ್ಕೆ ಇಳಿಯುತ್ತದೆ, ಉಕ್ಕಿನವನ 9 ಬರೀ 8 ಆಗುತ್ತದೆ. ಮುಟ್ಟಿದರೆ ಸಾಕು ಎನ್ನುವ ಮಂತ್ರದ ದಾಳಿಗೆ ಕವಚ ಲೆಕ್ಕಕ್ಕಿಲ್ಲ. ಆಗ ತೊಗಲಿನವನಿಗೆ 6 ಉಳಿಯುತ್ತದೆ, ಉಕ್ಕಿನವನಿಗೆ 1 ಮಾತ್ರ. ಅಂದರೆ ಇಬ್ಬರಿಗೂ ಅವರವರದೇ ಭಯವಿತ್ತು. ಸಮತೋಲ ಎಂದರೆ ಇಬ್ಬರನ್ನೂ ಒಂದೇ ರೀತಿ ಮಾಡುವುದಲ್ಲ, ಇಬ್ಬರಿಗೂ ಬೇರೆ ಬೇರೆ ಅಪಾಯ ಒಡ್ಡುವುದು ಎಂಬ ತಿಳುವಳಿಕೆ ಈ ನಿಯಮದಲ್ಲಿದೆ.

ಮೂರನೆಯ ಉತ್ತರ 2014ರ ಐದನೇ ಆವೃತ್ತಿಯದು. 2024ರ ಪರಿಷ್ಕರಣೆಯಲ್ಲೂ ಕವಚಗಳ ಪಟ್ಟಿ ಬಹುತೇಕ ಹಾಗೆಯೇ ಉಳಿದಿದೆ. ಮೇಲಿನ ಎರಡು ಸೂಕ್ಷ್ಮಗಳನ್ನೂ ಇದು ಕೈಬಿಟ್ಟಿತು. ಹಗುರ ಕವಚಕ್ಕೆ ಚುರುಕುತನದ ಅಂಕವನ್ನು ಪೂರ್ತಿ ಕೂಡಿಸಬಹುದು, ಭಾರಿ ಕವಚಕ್ಕೆ ಕೂಡಿಸುವಂತೆಯೇ ಇಲ್ಲ. ಪರಿಣಾಮ ನೋಡಿ. 45 ನಾಣ್ಯದ, ಗುಬುಟು ಬಡಿದ ತೊಗಲಿನ ಕವಚ ತೊಟ್ಟ ಅತಿ ಚುರುಕಿನ ಯೋಧನ ರಕ್ಷಣೆ 17. 1,500 ನಾಣ್ಯ ಸುರಿದು, 65 ಪೌಂಡ್, ಅಂದರೆ ಸುಮಾರು 29 ಕಿಲೋ, ಹೊತ್ತು, ಸದ್ದಿಲ್ಲದೆ ನಡೆಯುವ ಶಕ್ತಿಯನ್ನೂ ಬಹುಮಟ್ಟಿಗೆ ಕಳೆದುಕೊಂಡ ಭಾರಿ ಯೋಧನ ರಕ್ಷಣೆ 18. ಅಂತರ ಒಂದು, ಇಪ್ಪತ್ತು ಮುಖದ ದಾಳದಲ್ಲಿ ಶೇಕಡಾ 5. ಇಷ್ಟೇ ಅಲ್ಲ. ಚುರುಕುತನ ಬೆಳೆಸಿಕೊಂಡವನಿಗೆ ಬಿಲ್ಲುಗಾರಿಕೆ, ಮೊದಲು ಕೈ ಎತ್ತುವ ಅವಕಾಶ, ಬೆಂಕಿಯುಂಡೆಯಿಂದ ತಪ್ಪಿಸಿಕೊಳ್ಳುವುದು ಎಲ್ಲವೂ ಅದರೊಂದಿಗೇ ಬರುತ್ತವೆ. ಭಾರಿ ಕವಚದ ಪರವಾಗಿ ಹೇಳಬಹುದಾದದ್ದೂ ಇದೆ: ಆಟದ ಆರಂಭದ ಹಂತಗಳಲ್ಲಿ ಅದು ಮುಂದಿರುತ್ತದೆ ಮತ್ತು ಚುರುಕಿಲ್ಲದವನನ್ನೂ ಕಾಪಾಡುತ್ತದೆ. ಆದರೂ ಪಾತ್ರಗಳು ಬೆಳೆದಂತೆಲ್ಲ ತಕ್ಕಡಿ ಒಂದು ಕಡೆಗೆ ವಾಲುವುದನ್ನು ಅಲ್ಲಗಳೆಯಲಾಗದು.

ಖರ್ಚು ಯಾರ ಖಾತೆಗೆ?

ನನ್ನ ಮುಖ್ಯ ಆಕ್ಷೇಪ ಅಂಕಗಳ ಬಗ್ಗೆ ಅಲ್ಲ. ಇತ್ತೀಚಿನ ಆವೃತ್ತಿಗಳು ಭಾರಿ ಕವಚದ ಖರ್ಚನ್ನು ತಪ್ಪು ಖಾತೆಗೆ ಬರೆದಿವೆ. ಭಾರಿ ಕವಚ ತೊಟ್ಟವನು ಜಡ, ಬಿದ್ದರೆ ಏಳಲಾರ ಎಂಬುದು ಜನಪ್ರಿಯ ಕಲ್ಪನೆ. ವಾಸ್ತವದಲ್ಲಿ ಹದಿನೈದನೇ ಶತಮಾನದ ಯುದ್ಧದ ಕವಚ ಹೆಚ್ಚಾಗಿ 20ರಿಂದ 25 ಕಿಲೋ ತೂಗುತ್ತಿತ್ತು. ಆ ತೂಕ ಮೈಯೆಲ್ಲ ಹಂಚಿಹೋಗಿರುತ್ತಿತ್ತು. ಅಭ್ಯಾಸವಿದ್ದವನು ಯಾರ ನೆರವೂ ಇಲ್ಲದೆ ಕುದುರೆ ಏರುತ್ತಿದ್ದ. ಕವಚ ಕಸಿಯುತ್ತಿದ್ದದ್ದು ಚುರುಕನ್ನಲ್ಲ, ಉಸಿರನ್ನು. ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥ ಕವಚಗಳ ಪ್ರತಿಕೃತಿ ತೊಡಿಸಿ ಜನರನ್ನು ಯಂತ್ರದ ಪಟ್ಟಿಯ ಮೇಲೆ ನಡೆಸಿ ನೋಡಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ನಡೆಯಲು ಬೇಕಾಗುವ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಯಿತು. ಕಾಲಿಗೆ ಕಟ್ಟಿದ ಉಕ್ಕನ್ನು ಪ್ರತಿ ಹೆಜ್ಜೆಗೂ ಎತ್ತಬೇಕು. ಎದೆಗವಚದೊಳಗೆ ದೀರ್ಘ ಉಸಿರು ಎಳೆಯಲಾಗದು.

ಹಾಗಾಗಿ ಭಾರಿ ಕವಚದ ನಿಜವಾದ ಬೆಲೆ ದಣಿವು, ಸೆಕೆ, ನೀರು ಮತ್ತು ಸಮಯ. ಇದಕ್ಕೆ ಹತ್ತೀನ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1187ರ ಜುಲೈ 3ರಂದು ಶಿಲುಬೆ ಯೋಧರ ಸೇನೆ ಸಫ್ಫೂರಿಯಾದ ನೀರಿನ ಆಸರೆ ಬಿಟ್ಟು ತಬರಿಯಾದ ಕಡೆ ಹೊರಟಿತು. ಬಿರುಬಿಸಿಲು, ದಾರಿಯುದ್ದಕ್ಕೂ ಬಾಣಗಳ ಕಾಟ. ರಾತ್ರಿ ನೀರಿಲ್ಲದ ಬಯಲಿನಲ್ಲಿ ಕಳೆಯಬೇಕಾಯಿತು. ಮರುದಿನ ಸುಲ್ತಾನರ ಸೈನಿಕರು ಒಣ ಹುಲ್ಲಿಗೆ ಬೆಂಕಿ ಇಟ್ಟರು. ಬಾಯಾರಿ ಕಂಗೆಟ್ಟ ಸೇನೆ ಅಲ್ಲಿಯೇ ನುಚ್ಚುನೂರಾಯಿತು. ನಾಲ್ಕು ವರ್ಷಗಳ ನಂತರ ರಿಚರ್ಡ್ ಅದೇ ಬಗೆಯ ಕವಚದ ಸೇನೆಯನ್ನು ನಡೆಸಿದ. ಆದರೆ ಬೆಳಗಿನ ತಂಪಿನಲ್ಲಿ ನಡೆಸಿದ, ದೂರವನ್ನು ಸಣ್ಣ ಸಣ್ಣದಾಗಿ ಒಡೆದ, ನಡುನಡುವೆ ವಿಶ್ರಾಂತಿ ಕೊಟ್ಟ. ಪಕ್ಕದ ಕಡಲಿನಲ್ಲಿ ಹಡಗುಗಳು ಸಾಮಗ್ರಿ ಹೊತ್ತು ಸಾಗುತ್ತಿದ್ದವು. 1191ರ ಸೆಪ್ಟೆಂಬರ್ 7ರಂದು ಅರ್ಸೂಫ್‌ನಲ್ಲಿ ಅವನ ಸೇನೆಯೇ ಗೆದ್ದಿತು. ಉಕ್ಕು ಅದೇ, ಬಾಣ ಅದೇ. ಬದಲಾದದ್ದು ನೀರು ಮತ್ತು ನಡಿಗೆಯ ಲೆಕ್ಕ.

ಆಟ ಈ ಲೆಕ್ಕವನ್ನು ಪೂರ್ತಿ ಮರೆತಿದೆ ಎಂದರೆ ಅನ್ಯಾಯವಾದೀತು. ಐದನೇ ಆವೃತ್ತಿಯಲ್ಲೂ ಭಾರಿ ಕವಚ ತೊಡಲು ಹತ್ತು ನಿಮಿಷ ಬೇಕು. ಸುಮಾರು 38 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಲಲ್ಲಿ ಕುಡಿಯುವ ನೀರಿಲ್ಲದವನು ಗಂಟೆಗೊಮ್ಮೆ ದಾಳ ಉರುಳಿಸಿ ದಣಿವನ್ನು ಎದುರಿಸಬೇಕು. ಭಾರಿ ಕವಚವಿದ್ದರೆ ಅದು ಇನ್ನೂ ಕಷ್ಟ. ಆದರೆ ಕವಚಗಳ ಪಟ್ಟಿ ಆಟಗಾರನ ಪುಸ್ತಕದಲ್ಲಿದೆ, ಬಿಸಿಲಿನ ನಿಯಮ 2014ರ ಸೂತ್ರಧಾರನ ಪುಸ್ತಕದಲ್ಲಿದೆ. ಲಾಭದ ಪುಟ ಒಬ್ಬನ ಕೈಯಲ್ಲಿ, ಖರ್ಚಿನ ಪುಟ ಇನ್ನೊಬ್ಬನ ಕೈಯಲ್ಲಿ! ಸೂತ್ರಧಾರ ಆ ಪುಟ ತೆರೆಯದಿದ್ದರೆ ಉಕ್ಕಿಗೆ ಸೆಕೆಯೇ ಇಲ್ಲ.

ಹಗುರ ಎಂದರೆ ಕಳ್ಳನೇ?

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. 1975ರಲ್ಲಿ ಕಳ್ಳನ ಪಾತ್ರ ಈ ಆಟಕ್ಕೆ ಬಂದಾಗ ಅವನಿಗೆ ತೊಗಲಿನ ಕವಚ ಮಾತ್ರ ಎಂದು ಗೊತ್ತುಮಾಡಲಾಯಿತು. ಅಂದಿನಿಂದ ಉಕ್ಕು ತೊಟ್ಟವನು ಗೌರವಸ್ಥ ಯೋಧ, ಹಗುರ ಕವಚದವನು ಹೊಂಚುಗಾರ ಎಂಬ ಚಿತ್ರ ಗಟ್ಟಿಯಾಗುತ್ತ ಬಂತು. ಪಶ್ಚಿಮದ ಜನಪ್ರಿಯ ಕಥೆಗಳಲ್ಲಿ ಇದೇ ಚಿತ್ರ ಉಕ್ಕಿನ ಕ್ರೈಸ್ತ ಸರದಾರ ಮತ್ತು ಪೇಟ ಸುತ್ತಿದ ಅರಬ್ ಸವಾರ ಎಂಬ ಜೋಡಿಯಾಗಿ ಮತ್ತೆ ಮತ್ತೆ ಕಾಣಿಸುತ್ತದೆ. ಇತಿಹಾಸ ಇಷ್ಟು ಸರಳವಲ್ಲ. ಶೈಝರ್ ಕೋಟೆಯ ಉಸಾಮಾ ಇಬ್ನ್ ಮುನ್ಕಿದ್ ತಮ್ಮ ನೆನಪುಗಳ ಗ್ರಂಥ ‘ಕಿತಾಬುಲ್ ಇಅ್ತಿಬಾರ್’ನಲ್ಲಿ ತಮ್ಮದೇ ಒಂದು ಕವಚವನ್ನು ವರ್ಣಿಸಿದ್ದಾರೆ. ಹೊರಗೆ ನೋಡಲು ಅದು ದಪ್ಪ ಅಂಗಿ. ಒಳಗೆ ಉದ್ದನೆಯ ಫ್ರಾಂಕ್ ಕೊಂಡಿ ಕವಚ, ಅದರ ಮೇಲೆ ಅರ್ಧದವರೆಗೆ ಇನ್ನೊಂದು, ಜೊತೆಗೆ ನಮದೆ, ಒರಟು ರೇಷ್ಮೆ, ಮೊಲದ ತುಪ್ಪಳ. ಶತ್ರುವಿನ ಕವಚವನ್ನೇ ಬಟ್ಟೆಯೊಳಗೆ ಹೊಲಿಸಿಕೊಂಡ ಈ ಅರಬ್ ಯೋಧನನ್ನು ಹಗುರ ಎನ್ನಬೇಕೋ ಭಾರಿ ಎನ್ನಬೇಕೋ? ಆಟದ ಪಟ್ಟಿಯಲ್ಲಿ ಅವನಿಗೆ ಒಂದು ಸಾಲು ಸಿಗುವುದು ಕಷ್ಟ.

ಈ ಆಟ ಆಡುವವರಿಗೆ ನನ್ನ ಸಲಹೆ ಸರಳ. ಪಟ್ಟಿಯ ಅಂಕಗಳನ್ನು ತಿದ್ದಲು ಹೋಗಬೇಡಿ. 18ನ್ನು 19 ಮಾಡಿದರೆ ದೋಷ ಜಾಗ ಬದಲಿಸುತ್ತದೆ ಅಷ್ಟೆ. ಬದಲಿಗೆ ನೀರು, ಬಿಸಿಲು, ನಿದ್ರೆ ಮತ್ತು ಸಮಯವನ್ನು ಮೇಜಿನ ಮೇಲಿಡಿ. ಹಠಾತ್ ದಾಳಿಗೆ ಚುರುಕುತನ ನೆರವಾಗದು ಎಂಬ ಹಳೆಯ ನಿಯಮವನ್ನು ಮರಳಿ ತನ್ನಿ. ಆಗ ಹೊಂಚುದಾಳಿಯಲ್ಲಿ ಭಾರಿ ಕವಚದವನು ಎಲ್ಲರಿಗೂ ಆಸರೆಯಾಗುತ್ತಾನೆ, ಮರುಭೂಮಿಯಲ್ಲಿ ಹಗುರ ಕವಚದವನು ಅವನಿಗಾಗಿ ನೀರು ಹುಡುಕಿ ತರುತ್ತಾನೆ. ಇಬ್ಬರೂ ಒಬ್ಬರಿಗೊಬ್ಬರು ಬೇಕಾಗುವುದೇ ಆಟದ ಸ್ವಾರಸ್ಯ.

ದಾವೂದ್(ಅ)ರ ಚರಿತ್ರೆ ನೆನಪಾಗುತ್ತದೆ. ಜಾಲೂತನನ್ನು ಎದುರಿಸುವ ಮುನ್ನ ರಾಜ ತೊಡಿಸಿದ ಕವಚ ತಮಗೆ ಅಭ್ಯಾಸವಿಲ್ಲವೆಂದು ಅವರು ಬಿಚ್ಚಿಟ್ಟರು ಎನ್ನುತ್ತದೆ ಬೈಬಲ್. ಅದೇ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟು, ಕವಚ ಹೆಣೆಯುವಾಗ ಕೊಂಡಿಗಳ ಅಳತೆ ಸರಿಯಾಗಿರಲಿ ಎಂದು ಆದೇಶಿಸಿದ್ದನ್ನು ಕುರ್‌ಆನ್‌ನ ಸಬಾ ಅಧ್ಯಾಯ ತಿಳಿಸುತ್ತದೆ. ಅಂದು ಕವಚವಿಲ್ಲದೆ ಗೆದ್ದವರೇ ಮುಂದೆ ಕವಚವನ್ನೂ ಹೆಣೆದರು. ಯಾವ ಹೊತ್ತಿಗೆ ಎಷ್ಟು ತೂಕ ಹೊರಬೇಕೆಂಬ ವಿವೇಕ ಅವರಲ್ಲಿತ್ತು. ಒಂದು ಒಳ್ಳೆಯ ಆಟ ತನ್ನ ಆಟಗಾರನನ್ನೂ ಅದೇ ಪ್ರಶ್ನೆಯ ಮುಂದೆ ನಿಲ್ಲಿಸಬೇಕು.