ಮ್ಯಾನುಯಲ್‌ನ ಮಾತು, ಕಡ್ಡಿಯ ಲೆಕ್ಕ

ಹಳೆಯ ಪಿಕಪ್‌ಗಳನ್ನು ಕೂಡಿಟ್ಟು ತಿದ್ದಿ ತೀಡುವವರ ನಡುವೆ ತಯಾರಕರ ಮ್ಯಾನುಯಲ್‌ಗೆ ಸಲ್ಲುತ್ತಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಹೆಚ್ಚಿನದು. ಬಣ್ಣ, ಬೋಲ್ಟು, ಕಾರ್ಬ್ಯುರೇಟರ್‌ಗಳ ಮಟ್ಟಿಗೆ ಅದನ್ನು ನಂಬೋಣ, ತಕರಾರಿಲ್ಲ. ಟ್ಯಾಂಕು ಎಷ್ಟು ಹಿಡಿಯುತ್ತದೆ ಎಂಬ ಪ್ರಶ್ನೆಗೂ ಅದರಲ್ಲಿ ಅಚ್ಚಾದ ಒಂದು ಅಂಕಿಯೇ ಕೊನೆಯ ತೀರ್ಪು ಎನ್ನುವವರೊಡನೆ ಮಾತ್ರ ಜಗಳವಾಡಲೇಬೇಕು. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಈರುಳ್ಳಿ, ಆಲೂಗಡ್ಡೆ ಹೊತ್ತು ಬರುತ್ತಿದ್ದ ಗಾಡಿಗಳ ಚಾಲಕರು ಇದೇ ಪ್ರಶ್ನೆಗೆ, ಟ್ಯಾಂಕಿನೊಳಗೆ ಇಳಿಬಿಡುವ ಗೆರೆ ಕೊರೆದ ಕಡ್ಡಿಯೊಂದರಿಂದ ಉತ್ತರ ಕಂಡುಕೊಳ್ಳುತ್ತಿದ್ದರು. ಇಂದು ಮ್ಯಾನುಯಲ್ ಗಾಜಿನ ಕಪಾಟಿನಲ್ಲಿದೆ, ಕಡ್ಡಿಯ ಹೆಸರೆತ್ತುವವರಿಲ್ಲ.

ಮೆಟಾಡೋರ್, ಮಹೀಂದ್ರದ ಎಫ್‌ಸಿ, ಜೀಪಿನ ಚಾಸಿಗೇ ತೊಟ್ಟಿ ಕಟ್ಟಿಸಿದ ಗಾಡಿಗಳು, 1988ರ ಟಾಟಾಮೊಬೈಲ್: ಇಂಥ ಹಳೆಯ ಸರಕು ಗಾಡಿಗಳ ಬಗ್ಗೆಯೇ ಈ ಮಾತು. ಇವುಗಳ ಟ್ಯಾಂಕಿನ ಗಾತ್ರ ತಿಳಿಯಲು ಆರ್‌ಸಿ ಪುಸ್ತಕ ನೆರವಿಗೆ ಬರುವುದಿಲ್ಲ. ನೋಂದಣಿ ಯಶವಂತಪುರದ ಕೆಎ-04 ಇರಲಿ, ಯಲಹಂಕದ ಕೆಎ-50 ಇರಲಿ, ಅದರಲ್ಲಿ ಗಾಡಿಯ ತೂಕ, ಎಂಜಿನ್ನಿನ ಸಿಸಿ, ಚಕ್ರಗಳ ಅಂತರ ಎಲ್ಲ ಸಿಗುತ್ತವೆ. ಟ್ಯಾಂಕಿನ ಗಾತ್ರ ಸಿಗುವುದಿಲ್ಲ. 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಸರಣಿಯ ಸಂಖ್ಯೆ ಕೊಡುವ 2021ರ ಕೇಂದ್ರ ನಿಯಮದಲ್ಲಿ, ಅವು ರಸ್ತೆಗಿಳಿಯಬಹುದಾದ ಕೆಲವೇ ಕಾರಣಗಳಲ್ಲಿ ಇಂಧನ ತುಂಬಿಸುವುದೂ ಒಂದು. ಬಂಕಿಗೆ ಹೋಗಲು ಅನುಮತಿಯಿದೆ, ಎಷ್ಟು ತುಂಬಬೇಕೆಂಬ ದಾಖಲೆಯಿಲ್ಲ. ಹೀಗಾಗಿ ಎಲ್ಲರೂ ಮ್ಯಾನುಯಲ್‌ನತ್ತ ಓಡುತ್ತಾರೆ.

ಅಲ್ಲಿ ಸಿಗುವುದೇನು? ಮಹೀಂದ್ರದವರು ಇಲ್ಲಿ ತಯಾರಿಸಿದ ವಿಲ್ಲಿಸ್ ಸಿಜೆ-3ಬಿ ಜೀಪನ್ನೇ ನೋಡಿ. ಮೂಲ ಮ್ಯಾನುಯಲ್ ಪ್ರಕಾರ ಸೀಟಿನ ಕೆಳಗಿನ ಟ್ಯಾಂಕು ಹಿಡಿಯುವುದು 10.5 ಗ್ಯಾಲನ್. ಅದು ಅಮೆರಿಕದ ಗ್ಯಾಲನ್, 3.785 ಲೀಟರಿನದು, ಒಟ್ಟು 39.7 ಲೀಟರ್ ಆಯಿತು. ಮೆಟ್ರಿಕ್ ಪದ್ಧತಿ ಬರುವವರೆಗೆ ನಮ್ಮ ಬಂಕುಗಳು ಅಳೆಯುತ್ತಿದ್ದುದು 4.546 ಲೀಟರಿನ ಬ್ರಿಟಿಷ್ ಗ್ಯಾಲನ್ನಿನಲ್ಲಿ. ಆ ಲೆಕ್ಕ ಹಿಡಿದರೆ ಅದೇ ಟ್ಯಾಂಕು 47.7 ಲೀಟರ್ ಆಗುತ್ತದೆ. ಎಂಟು ಲೀಟರಿನ ಈ ಅಂತರ ತಗಡಿನಲ್ಲಿಲ್ಲ, ಓದಿನಲ್ಲಿದೆ. ಒಬ್ಬ ಮಾಲೀಕ ಟಿಂಕರ್ ಕೆಲಸದವನು ಟ್ಯಾಂಕು ಬದಲಿಸಿದನೆಂದು ದೂರುತ್ತಾನೆ, ಇನ್ನೊಬ್ಬ ಬಂಕಿನವನು ಮೋಸ ಮಾಡಿದನೆಂದು ಕೂಗಾಡುತ್ತಾನೆ. ಇಬ್ಬರ ಕೈಯಲ್ಲೂ ಇರುವುದು ಒಂದೇ ಪುಟ.

ಮ್ಯಾನುಯಲ್ ಸಾಲದೆಂದು ಒಪ್ಪಿದವರ ಎರಡನೆಯ ಆಶ್ರಯ ‘ಫುಲ್ ಟ್ಯಾಂಕ್’ ವಿಧಾನ. ಗಾಡಿ ನಿಲ್ಲುವವರೆಗೆ ಓಡಿಸು, ಕ್ಯಾನಿನಲ್ಲಿ ತಂದ ಒಂದೆರಡು ಲೀಟರಿನಿಂದ ಬಂಕು ಮುಟ್ಟು, ನಾಝಲ್ ತಾನಾಗಿ ನಿಲ್ಲುವವರೆಗೆ ತುಂಬಿಸು, ಎರಡನ್ನೂ ಕೂಡು: ಇದೇ ನಿಜವಾದ ಸಾಮರ್ಥ್ಯ ಎನ್ನುತ್ತಾರೆ. ವೈಜ್ಞಾನಿಕವೆಂದು ಹೆಸರಾದ ಈ ವಿಧಾನದ ಎರಡು ತುದಿಗಳೂ ಸಡಿಲ.

ಮೊದಲು ‘ಖಾಲಿ’ಯನ್ನು ನೋಡೋಣ. ಇಂಧನ ಎಳೆಯುವ ಕೊಳವೆ ಟ್ಯಾಂಕಿನ ತಳ ಮುಟ್ಟುವುದಿಲ್ಲ. ಕೆಸರು, ತುಕ್ಕು ಎಂಜಿನ್ನಿಗೆ ಹೋಗದಿರಲೆಂದು ತುಸು ಮೇಲೆಯೇ ನಿಂತಿರುತ್ತದೆ. ಗಾಡಿ ನಿಂತಾಗ ಟ್ಯಾಂಕು ಖಾಲಿಯಾಗಿರುವುದಿಲ್ಲ, ಕೊಳವೆಗೆ ಎಟುಕದಂತಾಗಿರುತ್ತದೆ. ಹೆಬ್ಬಾಳ ಮೇಲುಸೇತುವೆಯ ಏರಿನಲ್ಲಿ ಕೆಮ್ಮಿ ನಿಂತ ಗಾಡಿ ಸಮತಟ್ಟಿಗೆ ತಳ್ಳಿದ ಮೇಲೆ ಮತ್ತೆ ಹೊತ್ತಿಕೊಂಡು ಒಂದಷ್ಟು ದೂರ ಓಡಬಲ್ಲದು. ಹಾಗಾದರೆ ‘ಖಾಲಿ’ ಎಲ್ಲಿಂದ ಶುರು?

‘ಫುಲ್’ ಇದಕ್ಕಿಂತ ಸಡಿಲ. ಇಂಧನವೋ ನೊರೆಯೋ ನಾಝಲ್ಲಿನ ತುದಿಯ ಸಣ್ಣ ರಂಧ್ರವನ್ನು ಮುಚ್ಚಿದೊಡನೆ ಹರಿವು ನಿಲ್ಲುತ್ತದೆ. ಅದಕ್ಕೆ ಗೊತ್ತಾಗುವುದು ಕತ್ತಿನ ಸ್ಥಿತಿ ಮಾತ್ರ. ಟ್ಯಾಂಕಿನ ಒಳಗೇನಿದೆಯೆಂದು ಅದಕ್ಕೆ ತಿಳಿಯದು. ಹಳೆಯ ಗಾಡಿಯಲ್ಲಿ ಗಾಳಿ ಹೊರಹೋಗುವ ಕೊಳವೆ ಕಟ್ಟಿಕೊಂಡಿದ್ದರೆ, ಅಥವಾ ಡೀಸೆಲ್ ನೊರೆಗಟ್ಟಿದರೆ, ಟ್ಯಾಂಕು ತುಂಬುವ ಮೊದಲೇ ನಾಝಲ್ ನಿಲ್ಲುತ್ತದೆ. ಮೇಲಾಗಿ ನೀರು ಹರಿದುಹೋಗಲೆಂದು ಬಂಕಿನ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ. 80 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ಚಪ್ಪಟೆ ಟ್ಯಾಂಕೊಂದು ಉದ್ದಕ್ಕೆ ಎರಡೇ ಡಿಗ್ರಿ ವಾಲಿದರೂ ಎರಡು ತುದಿಗಳ ನಡುವೆ 2.8 ಸೆಂಟಿಮೀಟರ್ ಎತ್ತರದ ವ್ಯತ್ಯಾಸ ಬರುತ್ತದೆ. ಬಾಯಿ ತಗ್ಗಿನ ಕಡೆಗಿದ್ದರೆ ಎತ್ತರದ ಮೂಲೆಯಲ್ಲಿ ಸುಮಾರು ನಾಲ್ಕೂವರೆ ಲೀಟರಿನಷ್ಟು ಗಾಳಿ ಸಿಕ್ಕಿಕೊಳ್ಳುತ್ತದೆ. ಅದೇ ಗಾಡಿಯನ್ನು ತಿರುಗಿಸಿ ನಿಲ್ಲಿಸಿ, ಬೇರೆ ಅಂಕಿ ಬರುತ್ತದೆ. ಎರಡು ದಶಮಾಂಶ ಸ್ಥಾನದವರೆಗೆ ಮಿನುಗುವ ಪಂಪಿನ ಪರದೆ ಇದಾವುದನ್ನೂ ಹೇಳುವುದಿಲ್ಲ.

ಇಲ್ಲೇ ಇನ್ನೊಂದು ಪಂಥದವರ ಕೂಗು ಏಳುತ್ತದೆ: “40 ಲೀಟರಿನ ಟ್ಯಾಂಕಿಗೆ 44 ಹಾಕಿದರು, ಕಳ್ಳ ಬಂಕು!” ಪ್ರತಿ ಬಂಕಿನಲ್ಲೂ ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ ಐದು ಲೀಟರಿನ ಅಳತೆ ಪಾತ್ರೆ ಇರಲೇಬೇಕು, ಗ್ರಾಹಕ ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. ಐದು ಲೀಟರಿಗೆ ಒಪ್ಪಿತ ವ್ಯತ್ಯಾಸ 25 ಮಿಲಿಲೀಟರ್. 40 ಲೀಟರಿಗೆ ಲೆಕ್ಕ ಹಾಕಿದರೂ 200 ಮಿಲಿಲೀಟರ್ ದಾಟದು. ಮೋಸ ಮಾಡುವ ಬಂಕುಗಳಿಲ್ಲವೆಂದು ನನ್ನ ವಾದವಲ್ಲ. ಆದರೆ ನಾಲ್ಕು ಲೀಟರಿನ ಕಳ್ಳತನ ಸಾಬೀತಾಗಬೇಕಾದರೆ ಪಾತ್ರೆ ಕೇಳಬೇಕು. ಮ್ಯಾನುಯಲ್ ತೋರಿಸಿದರೆ ಸಾಲದು. ಇಂಧನ ಹಿಗ್ಗಲು ಜಾಗ ಬಿಟ್ಟು ಹೇಳಿದ ಅಂಕಿ ಅದು, ಟ್ಯಾಂಕಿನ ಪೂರ್ತಿ ಗಾತ್ರವಲ್ಲ. 40 ಲೀಟರ್ ಪೆಟ್ರೋಲು 15 ಡಿಗ್ರಿ ಹೆಚ್ಚು ಬಿಸಿಯಾದರೆ ಅರ್ಧ ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ; ಜಾಗ ಬಿಟ್ಟಿರುವುದು ಅದಕ್ಕೆ. ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಹಾಕಿಸಿದರೆ ಗಾಡಿ ಸಿಡಿಯುತ್ತದೆಂಬ ವದಂತಿಯನ್ನು ಇಂಡಿಯನ್ ಆಯಿಲ್ ತಳ್ಳಿಹಾಕಿದ್ದೂ ಈ ಕಾರಣಕ್ಕೇ. ಬಂಕಿನ ಮೇಲೆ ಕಿಡಿಕಾರುವ ವಿಮರ್ಶಕರು ಈ ಸರಳ ಸಂಗತಿಯನ್ನು ಓದಿಕೊಂಡಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು.

ಈಗ ಕಡ್ಡಿ. ಟ್ಯಾಂಕನ್ನು ಪೂರ್ತಿ ಬಸಿದು, ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಐದೈದು ಲೀಟರ್ ಸುರಿದು, ಪ್ರತಿ ಸಲವೂ ಒಂದು ಗೆರೆ ಕೊರೆಯುವುದು: ಇಷ್ಟೇ ತಂತ್ರ. ಗೆರೆಗಳ ಅಂತರ ಸಮನಾಗಿರುವುದಿಲ್ಲ, ಕಡ್ಡಿಯ ಹೆಚ್ಚುಗಾರಿಕೆ ಇರುವುದೇ ಇದರಲ್ಲಿ. ತಳದ ದುಂಡು ಮೂಲೆ, ಬೆಸುಗೆ ಹಾಕುವಾಗ ಬಿದ್ದ ತಗ್ಗು, ಬೇರೆ ಗಾಡಿಯಿಂದ ತಂದು ಕೂರಿಸಿದ ಟ್ಯಾಂಕು ಎಲ್ಲವೂ ಆ ಗೆರೆಗಳಲ್ಲಿ ದಾಖಲಾಗುತ್ತವೆ. ಮ್ಯಾನುಯಲ್ ಹೇಳುವುದು ಕಾರ್ಖಾನೆ ಬಿಟ್ಟ ದಿನದ ಟ್ಯಾಂಕನ್ನು. ಕಡ್ಡಿ ಹೇಳುವುದು ಇಂದು ಗಾಡಿಯಲ್ಲಿರುವುದನ್ನು. ಕೊಳವೆಗೆ ಎಟುಕದ ಇಂಧನಕ್ಕೂ ಅದರಲ್ಲಿ ಒಂದು ಗೆರೆ ಇರುತ್ತದೆ. ಮಾಲೀಕ ಮತ್ತು ಚಾಲಕನ ನಡುವಿನ ಅಪನಂಬಿಕೆಯಲ್ಲಿ ಹುಟ್ಟಿದ ಅಳತೆ ಇದು, ಪ್ರತಿ ಲೀಟರಿಗೂ ದುಡ್ಡಿನ ಲೆಕ್ಕವಿತ್ತು. ನಿಖರತೆ ಬಂದದ್ದು ಆ ಒತ್ತಡದಿಂದಲೇ.

ಕಡ್ಡಿಗೂ ದೋಷವಿದೆ. ಮೇಲೆ ಹೇಳಿದ ಟ್ಯಾಂಕಿನಲ್ಲಿ ಮೂರು ಮಿಲಿಮೀಟರ್ ತಪ್ಪಿ ಓದಿದರೆ ಒಂದು ಲೀಟರ್ ಏರುಪೇರಾಗುತ್ತದೆ. ವಾಲಿದ ನೆಲದಲ್ಲಿ ಅದೂ ಸುಳ್ಳು ಹೇಳುತ್ತದೆ. ಟ್ಯಾಂಕು ಬಿಚ್ಚಿ, ಖಾಲಿ ಹಾಗೂ ನೀರು ತುಂಬಿದ ತೂಕಗಳ ವ್ಯತ್ಯಾಸ ನೋಡುವುದು ಇನ್ನೂ ಕರಾರುವಾಕ್ಕು, ಕಿಲೋಗೆ ಹೆಚ್ಚುಕಡಿಮೆ ಒಂದು ಲೀಟರ್. ಆದರೆ ಆ ತೂಕ ಪೂರ್ತಿ ಗಾತ್ರವನ್ನಷ್ಟೇ ಹೇಳುತ್ತದೆ. ಎಷ್ಟು ತುಂಬಬಹುದು, ಎಷ್ಟು ಉರಿಸಬಹುದು ಎಂಬುದನ್ನು ಹೇಳದು. ಮೂರನ್ನೂ ಒಂದೇ ಸಾಧನದಲ್ಲಿ ತೋರಿಸಬಲ್ಲದ್ದು ಕಡ್ಡಿಯೊಂದೇ.

ಹಾಗಾಗಿ ವಿಂಟೇಜ್ ರ‍್ಯಾಲಿಗಳ ತೀರ್ಪುಗಾರರಲ್ಲಿ ಒಂದು ಕೋರಿಕೆ. ಬಾನೆಟ್ ಎತ್ತಿ ಬಣ್ಣದ ಅಸಲಿತನಕ್ಕೆ ಅಂಕ ಕೊಡುವಾಗ, ಗಾಡಿಯ ಜೊತೆ ಗೆರೆ ಕೊರೆದ ಕಡ್ಡಿ ಇದೆಯೇ ಎಂದೂ ಕೇಳಿ. ಮಾಲೀಕರು ಟ್ಯಾಂಕಿನ ಗಾತ್ರ ಹೇಳುವಾಗ ಮೂರು ಅಂಕಿ ಕೊಡಲಿ: ಒಟ್ಟು ಎಷ್ಟು, ತುಂಬಬಹುದಾದದ್ದು ಎಷ್ಟು, ಉರಿಸಬಹುದಾದದ್ದು ಎಷ್ಟು. ಒಂದೇ ಅಂಕಿ ಹೇಳಿ ಮ್ಯಾನುಯಲ್‌ನತ್ತ ಬೆರಳು ತೋರಿಸುವವರು ತಮ್ಮ ಟ್ಯಾಂಕನ್ನು ಇನ್ನೂ ಅಳೆದಿಲ್ಲ.